ತಾರ್ಲಿನ ಗುಡ್ಡದ ಟವರ್

ಟವರ್ ಹತ್ತುವವರು ಫೋನನ್ನು ಕೆಳಗೇ ಬಿಟ್ಟು ಹತ್ತಬೇಕು. ನಾವು ಮೂವರೂ ನಮ್ಮ ನಮ್ಮ ಫೋನುಗಳನ್ನು ಊಟದ ಐಸ್‌ಪೆಟ್ಟಿಗೆಯಲ್ಲಿ ಸ್ಯಾಂಡ್‌ವಿಚ್ಚುಗಳ ಪಕ್ಕ ಮಲಗಿಸಿ ಕೆಲಸ ಶುರು ಮಾಡುತ್ತಿದ್ದೆವು. ಹಳೆಯ ಆಂಟೆನಾಗಳ ಕಾಲದಲ್ಲಿ ಇಷ್ಟು ಮಡಿ ಇರಲಿಲ್ಲ. ಅವು ಎಲ್ಲ ದಿಕ್ಕಿಗೂ ಒಂದೇ ಸಮನೆ ಕೂಗುತ್ತಿದ್ದವು, ಕೇಳಿದವರು ಕೇಳಿದರು, ಬಿಟ್ಟವರು ಬಿಟ್ಟರು. ಈಗ ಬಂದಿರುವ ಹೊಸ ಹಲಗೆಯೊಳಗೆ ಅರವತ್ತನಾಲ್ಕು ಪುಟ್ಟ ಆಂಟೆನಾಗಳಿವೆ. ಯಾವ ಫೋನು ಮಾತಾಡಿತೋ ಅದರ ಕಡೆಗೆ ಅವೆಲ್ಲ ಒಟ್ಟಾಗಿ ಕಿರಣ ತಿರುಗಿಸುತ್ತವೆ. ಅದರ ಮುಂದೆ ಜೇಬಿನಲ್ಲಿ ಫೋನಿಟ್ಟುಕೊಂಡು ನೇತಾಡಿದರೆ ನಿನ್ನನ್ನು ನೀನೇ ಬೇಯಲು ಹಾಕಿಕೊಂಡ ಹಾಗೆ.

ನಾನು ಗ್ಲೆನಿಸ್. ಗಂಡಸರ ಈ ಕೆಲಸದಲ್ಲಿ ಕೂದಲು ಬೆಳ್ಳಗಾಗುವ ತನಕ ಉಳಿದವಳು. ನನ್ನ ಜೊತೆ ಮೇಲೆ ಹತ್ತುವವನು ಡೀನ್ ಶಿರ್ಮರ್. ಕೆಳಗೆ ನಿಂತು ರಾಟೆಯ ಹಗ್ಗ ನೋಡಿಕೊಳ್ಳುವವನು ಕ್ಲೈವ್. ಅವನ ಮೊಣಕಾಲು ಹೋದ ಮೇಲೆ ಬಾಯಿ ಮಾತ್ರ ಹತ್ತುತ್ತದೆ.

ತಾರ್ಲಿನ ಅನ್ನುವುದು ಡೀನ್ ಹುಟ್ಟಿದ ಊರು, ಅಡಿಲೇಡಿನಿಂದ ದೂರ. ಗೋಧಿ ತುಂಬುವ ಎತ್ತರದ ಸೈಲೋ, ಒಂದು ಪಬ್, ಶಾಲೆ, ಚಿಕ್ಕ ಆಸ್ಪತ್ರೆ. ಆ ಆಸ್ಪತ್ರೆಯಲ್ಲಿ ಅವನ ತಂಗಿ ಲೀಸಲ್ ರಾತ್ರಿ ಪಾಳಿಯ ನರ್ಸು. ಅವಳ ಮನೆ ಊರಾಚೆ, ಅರ್ಧ ಗಂಟೆಯ ದಾರಿ, ಸಾಲ್ಟರ್ ಹಳ್ಳದ ತಗ್ಗಿನಲ್ಲಿ. ಹಗಲೆಲ್ಲ ಕಿವಿಗೆ ಬಿರಡೆ ತುರುಕಿಕೊಂಡು, ದಿಂಬಿನ ಕೆಳಗೆ ನಡುಗುವ ಫೋನು ಇಟ್ಟುಕೊಂಡು ಮಲಗುತ್ತಾಳೆ. ಸೋಮವಾರ ನಾವು ಊರಿಗೆ ಬಂದ ಕೂಡಲೇ ಡೀನ್ ಅವಳಿಗೆ ಫೋನ್ ಮಾಡಿದ್ದ. ಅವಳು ಎತ್ತಲಿಲ್ಲ, ಅವಳ ವಾಯ್ಸ್‌ಮೇಲಿನ ಧ್ವನಿಪೆಟ್ಟಿಗೆ ಎತ್ತಿತು. ಡೀನ್ ನಮಗೂ ಕೇಳಿಸಲೆಂದು ಸ್ಪೀಕರ್ ಹಾಕಿದ.

"ಲೀಸಲ್ ಮಾತಾಡ್ತಿರೋದು. ರಾತ್ರಿ ಪಾಳಿ ಮುಗಿಸಿ ಮಲಗಿದ್ದೀನಿ. ಮನೆಗೆ ಬೆಂಕಿ ಬಿದ್ದಿಲ್ಲ ಅಂದ್ರೆ ಸಂಜೆ ಮೇಲೆ ಮಾಡಿ."

"ನಿನ್ನ ತಂಗಿ ಅಂತ ಹೇಳೋದೇ ಬೇಡ," ಅಂದ ಕ್ಲೈವ್. "ಮನೆತನದ ಸೊಕ್ಕು ಧ್ವನೀಲೇ ಗೊತ್ತಾಗುತ್ತೆ."

"ನಿಂಗೆ ಬುಧವಾರ ಊಟ ಹಾಕೋಳೇ ಅವಳು. ಬಾಯಿ ಮುಚ್ಕೊಂಡು ಹಗ್ಗ ಸುತ್ತು."

ಆ ಟವರ್ ಹಳೆಯದು. ಹಳೆಯ ಆಂಟೆನಾ, ಹೊಸ ಹಲಗೆ ಎರಡರ ಭಾರವನ್ನೂ ಒಟ್ಟಿಗೆ ಹೊರಲಾರದು. ಹಾಗಾಗಿ ಮೊದಲು ಹಳೆಯದನ್ನು ಇಳಿಸಬೇಕು, ಆಮೇಲೆ ಹೊಸದನ್ನು ಏರಿಸಬೇಕು, ನಡುವೆ ಎರಡು ದಿನ ಊರಿಗೆ ಫೋನಿಲ್ಲ. ಪಬ್ಬಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು, ಜನ ಗೊಣಗಿ ಸುಮ್ಮನಾಗಿದ್ದರು. ಮನೆಯ ತಂತಿ ಫೋನುಗಳನ್ನು ಕಿತ್ತು ವರ್ಷಗಳೇ ಆಗಿದ್ದವು.

ನಿಜಕ್ಕೂ ಏರಿಸಬೇಕಾದವು ಎರಡಿದ್ದವು. ಒಂದು ಈ ವೇಗದ ಹಲಗೆ. ಸಿನಿಮಾವನ್ನು ಕಣ್ಣು ಮಿಟುಕಿಸುವುದರೊಳಗೆ ಇಳಿಸಿಕೊಡುತ್ತದೆ, ಆದರೆ ಗುಡ್ಡ ಅಡ್ಡ ಬಂದರೆ ಅಲ್ಲೇ ನಿಲ್ಲುತ್ತದೆ. ಇನ್ನೊಂದು ಉದ್ದನೆಯದು, ಕಡಿಮೆ ಆವರ್ತನದ ಅಲೆಯದು. ನಿಧಾನ, ಆದರೆ ದಿಬ್ಬ ದಾಟಿ ಹಳ್ಳಕ್ಕೂ ಇಳಿಯುತ್ತದೆ. ಅದು ಇನ್ನೂ ಅಡಿಲೇಡಿನ ಗೋದಾಮಿನಲ್ಲೇ ಬಿದ್ದಿತ್ತು. ಶುಕ್ರವಾರ ಯಾರೋ ದೊಡ್ಡ ಮನುಷ್ಯರು ಬಂದು ವೇಗ ಅಳೆದು ಚಪ್ಪಾಳೆ ತಟ್ಟಿಸಿಕೊಳ್ಳಬೇಕಿತ್ತಲ್ಲ, ಅದಕ್ಕೇ ವೇಗದ್ದು ಮೊದಲು ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಹಳೆಯದನ್ನು ಇಳಿಸಿದ ದಿನವೇ ಡೀನ್ ಅದರ ದಪ್ಪ ಕೇಬಲ್ಲನ್ನು ಗರಗಸದಿಂದ ಕೊಯ್ದು ಹಾಕಿದ. ಹೊಸದು ಶುರುವಾಗುವ ತನಕ ಹಳೆಯ ಕೇಬಲ್ಲು ಮುಟ್ಟಬಾರದೆಂಬ ಮಾತಿದೆ. ಆದರೆ ನಮ್ಮ ಕಸುಬಿನಲ್ಲಿ ಹಳೆಯ ತಾಮ್ರ ಹತ್ತಿದವರ ಪಾಲು, ವರ್ಷದ ಕೊನೆಯ ಬಿಯರ್ ಅದರದ್ದೇ. ಯೂಟ್ ಅನ್ನುವ ನಮ್ಮ ತೆರೆದ ಬೆನ್ನಿನ ಗಾಡಿಯ ಹಿಂಬದಿಯಲ್ಲಿ ಹಿಡಿಸಬೇಕೆಂದರೆ ಮೊಳದುದ್ದಕ್ಕೆ ತುಂಡರಿಸಬೇಕು. ಎಲ್ಲ ಗುಂಪುಗಳೂ ಹಾಗೇ ಮಾಡುತ್ತವೆ. ಡೀನ್ ಸಿಳ್ಳೆ ಹಾಕುತ್ತ ಕೊಯ್ದ, ಕ್ಲೈವ್ ಕಬ್ಬಿನ ಜಲ್ಲೆ ಪೇರಿಸಿದಂತೆ ಪೇರಿಸಿದ.

ಮರುದಿನ ಮಂಗಳವಾರ ವಾಯವ್ಯದ ಬಿಸಿಗಾಳಿ ಎದ್ದಿತು. ಕಿಡಿ ಹಾರೀತು, ಸುಗ್ಗಿಯ ಯಂತ್ರಗಳನ್ನೆಲ್ಲ ನಿಲ್ಲಿಸಿ ಎಂದು ರೇಡಿಯೋದಲ್ಲಿ ಹೇಳಿದ್ದರು. ನಾವೂ ಆ ಗಾಳಿಯಲ್ಲಿ ಹತ್ತುವಂತಿರಲಿಲ್ಲ. ಹಲಗೆಯನ್ನು ಹಿಂದಿನ ಸಂಜೆಯೇ ಬೋಲ್ಟು ಬಿಗಿದು ಕೂರಿಸಿದ್ದೆವು. ಅದಕ್ಕೆ ಕರೆಂಟು ಮತ್ತು ಗಾಜಿನೆಳೆಯ ಕೇಬಲ್ಲು ಸಿಕ್ಕಿಸುವುದಷ್ಟೇ ಬಾಕಿ. ಗಾಳಿ ಇಳಿಯಲಿ ಎಂದು ಯೂಟ್‌ನ ನೆರಳಲ್ಲಿ ಕೂತಿದ್ದೆವು.

ಹೊಗೆಯನ್ನು ಮೊದಲು ಕಂಡವನು ಕ್ಲೈವ್.

"ಯಾವ ಬೇವರ್ಸಿ ಇವತ್ತೂ ಕೊಯ್ಲು ಮಾಡ್ತಿದ್ದಾನೆ?" ಅಂದ. ಪಶ್ಚಿಮಕ್ಕೆ, ಬಾರ್ಲಿ ಹೊಲಗಳ ಆಚೆ, ಕಂದು ಹೊಗೆ ನೇರವಾಗಿ ಏಳದೆ ನೆಲಕ್ಕೆ ಒರಗಿಕೊಂಡೇ ಹರಿಯುತ್ತಿತ್ತು. ಯೂಟ್‌ನ ವಾಕಿಟಾಕಿ ರೇಡಿಯೋದಲ್ಲಿ ರೈತರ ಕೂಗಾಟ ಶುರುವಾಯಿತು. ಬೆಂಕಿ ಊರಿನ ಕಡೆಗೆ, ಊರು ದಾಟಿದರೆ ಸಾಲ್ಟರ್ ಹಳ್ಳದ ಕಡೆಗೆ. ಅಗ್ನಿಶಾಮಕ ದಳದ ನಾಯಕಿ ನೋಲೀನ್ ಕೂಗುತ್ತಿದ್ದಳು: "ಮನೆಮನೆಗೂ ಹೋಗಿ ಬಾಗಿಲು ಬಡಿಯೋಕೆ ನನ್ನತ್ರ ಜನ ಇಲ್ಲ! ಫೋನ್ ಯಾವಾಗ ಬರುತ್ತೆ?"

ಡೀನ್ ಎದ್ದು ನಿಂತಿದ್ದ, ಯೂಟ್‌ನ ಕೀಲಿ ಅವನ ಕೈಯಲ್ಲಿತ್ತು. ಹಳ್ಳದ ದಾರಿ ಆಗ ಇನ್ನೂ ತೆರೆದಿತ್ತು.

"ಹೋಗು," ಅಂದೆ. "ಅವಳನ್ನ ಎಬ್ಬಿಸಿ ಕರ್ಕೊಂಡು ಬಾ."

ಅವನು ಟವರಿನ ತುದಿ ನೋಡಿದ. "ಮೇಲೆ ಇಬ್ಬರಿಲ್ದೆ ಆ ಕೇಬಲ್ ಸಿಗಿಸೋಕಾಗಲ್ಲ, ಗ್ಲೆನ್. ಕ್ಲೈವ್ ಹತ್ತಲ್ಲ."

"ನಾನು ಒಬ್ಳೇ ನೋಡ್ಕೋತೀನಿ."

"ಈ ಗಾಳೀಲಾ? ಸುಮ್ನಿರು ಮಾರಾಯ್ತಿ. ನಾನು ಗಾಡಿ ತಗೊಂಡು ಹೋದ್ರೆ ಲೀಸಲ್ ಒಬ್ಳು. ಇದನ್ನ ಹೊತ್ತಿಸಿದ್ರೆ ಊರೆಲ್ಲ, ಲೀಸಲ್ಲೂ ಸೇರಿ. ನಾನು ಅಲ್ಲಿಗೆ ಮುಟ್ಟೋದ್ರೊಳಗೆ ಅವಳ ದಿಂಬು ನಡುಗಿರುತ್ತೆ."

ಟವರ್ ಹತ್ತುವವರು ಮಾತ್ರ ಹೀಗೆ ಯೋಚಿಸುತ್ತಾರೆ. ಬೇರೆ ಯಾರಾದರೂ ಕಾರು ಹತ್ತಿರುತ್ತಿದ್ದರು. ನಮಗೆ ಕಾರೆಂದರೆ ನಿಧಾನ, ಕರೆಯೆಂದರೆ ತಕ್ಷಣ. ಅವನು ಹುಲ್ಲಿನಲ್ಲಿ ಬಿದ್ದಿದ್ದ ಹಳೆಯ ಆಂಟೆನಾದ ಕಡೆಗೂ ಒಮ್ಮೆ ನೋಡಿದ. ಅದನ್ನೇ ಮತ್ತೆ ಏರಿಸಿದ್ದರೆ ಹಳ್ಳದ ತಗ್ಗಿಗೆ ಖಂಡಿತ ಮುಟ್ಟುತ್ತಿತ್ತು, ಆ ಮನೆಯಲ್ಲಿ ಇಷ್ಟು ವರ್ಷ ಫೋನು ಬಡಿದದ್ದು ಅದರಿಂದಲೇ. ಅದರ ಕೇಬಲ್ಲು ಯೂಟ್‌ನ ಹಿಂದೆ ತುಂಡು ತುಂಡಾಗಿ ಮಲಗಿತ್ತು.

ಉಪಗ್ರಹದ ಫೋನಿನಲ್ಲಿ ಅಡಿಲೇಡಿನ ಎಂಜಿನಿಯರ್ ಹಿಯೆನ್ ಸಿಕ್ಕಳು. ಹಲಗೆಯನ್ನು ಅಲ್ಲಿಂದಲೇ ಚಾಲೂ ಮಾಡುವವಳು ಅವಳು.

"ಸಾಲ್ಟರ್ ಹಳ್ಳಕ್ಕೆ ಸಿಗ್ನಲ್ ಹೋಗುತ್ತಾ?" ಅಂತ ಡೀನ್ ಕೇಳಿದ.

"ನಕ್ಷೆಯಲ್ಲಿ ಹಸಿರಿದೆ, ಡೀನ್. ಆದ್ರೆ ಅದು ಕಾರಿನ ತಲೆ ಮೇಲೆ ಆಂಟೆನಾ ಕಟ್ಟಿ ರಸ್ತೆ ಮೇಲೆ ಅಳೆದಿದ್ದು. ತಗ್ಗಿನ ಮನೆಯೊಳಗೆ ಸಿಗುತ್ತೋ ಇಲ್ವೋ ನಂಗೆ ಗೊತ್ತಿಲ್ಲ, ಸುಳ್ಳು ಹೇಳಲ್ಲ. ನೀವು ಸಿಗಿಸಿ. ಕಿರಣಗಳನ್ನ ಎಷ್ಟಾಗುತ್ತೋ ಅಷ್ಟು ಆ ಕಡೆಗೇ ಎಳೆದು ಕಟ್ತೀನಿ."

ಹತ್ತಿದೆವು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಜನ ನಗುತ್ತಾರೆ. ಬಾವಿ ತೋಡುವವರ ಪಾಡು ಏನೆಂದು ನನಗೆ ಆವತ್ತು ತಿಳಿಯಿತು. ಗಾಳಿ ನಮ್ಮನ್ನು ಕಂಬಕ್ಕೆ ಬಡಿದು ಬಡಿದು ಎಳೆಯುತ್ತಿತ್ತು. ಡೀನ್ ಹೊರಗೆ ಬಾಗಿ ಹಲಗೆಯ ಹಿಂಬದಿ ಹಿಡಿದ, ನಾನು ಅವನ ಸೊಂಟಪಟ್ಟಿ ಹಿಡಿದುಕೊಂಡು ಕೇಬಲ್ಲು ದಾಟಿಸಿದೆ. ಗಾಜಿನೆಳೆಯ ತುದಿಗೆ ಒಂದು ಧೂಳಿನ ಕಣ ಕೂತರೂ ಬೆಳಕು ಓಡದು, ಅಂಥದ್ದನ್ನು ಬೂದಿ ಹಾರುವ ಗಾಳಿಯಲ್ಲಿ ಸಿಗಿಸಬೇಕು. ಅವನು ಅದನ್ನು ತನ್ನ ಅಂಗಿಯೊಳಗೆ ಬಚ್ಚಿಟ್ಟು ಒರೆಸಿದ.

ಅಲ್ಲಿಂದ ನನಗೆ ಎಲ್ಲವೂ ಕಾಣುತ್ತಿತ್ತು. ಬೆಂಕಿ ಊರಿನ ಅಂಚಿಗೆ ಇನ್ನೂ ಮುಟ್ಟಿರಲಿಲ್ಲ, ಆದರೆ ಅದರ ಒಂದು ತೋಳು ತೆಂಕಣಕ್ಕೆ ಬಾಗಿ ಹಳ್ಳದ ರಸ್ತೆಯನ್ನು ದಾಟಿತ್ತು. ಹಳ್ಳದಿಂದ ಮೂಡಣಕ್ಕೆ, ಒಣಗಿದ ಉಪ್ಪಿನ ಕೆರೆಯ ಕಡೆಗೆ ಹೋಗುವ ಮಣ್ಣಿನ ದಾರಿ ಮಾತ್ರ ಸ್ವಚ್ಛವಾಗಿತ್ತು. ಲೀಸಲ್ ಆ ದಾರಿ ಹಿಡಿದರೆ ಬದುಕಿದಳು. ರಸ್ತೆಗೆ ಬಂದು ಊರಿನ ಕಡೆ ತಿರುಗಿದರೆ ಇಲ್ಲ. ಡೀನ್ ಕೂಡ ಅದನ್ನೇ ನೋಡುತ್ತಿದ್ದ.

"ಕೆರೆ ಕಡೆ ಹೋಗು ಅನ್ನಬೇಕು," ಅಂದ, ನನಗಲ್ಲ, ತನಗೇ. "ಅಷ್ಟು ಹೇಳಿದ್ರೆ ಸಾಕು."

ಕೇಬಲ್ಲು ಕಟಕ್ಕೆಂದು ಕೂತಿತು. ಕೆಳಗಿಂದ ಕ್ಲೈವ್ ಉಪಗ್ರಹದ ಫೋನಿನಲ್ಲಿ ಹಿಯೆನ್‌ಗೆ ಕೂಗಿ ಹೇಳಿದ. ಅವಳು ಅಲ್ಲಿಂದ ಹಲಗೆ ಚಾಲೂ ಮಾಡಿದಳು. ಆಮೇಲೆ ನನ್ನ ಕೈರೇಡಿಯೋದಲ್ಲಿ ಕ್ಲೈವ್ ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯದ ಧ್ವನಿಯಲ್ಲಿ ಅಂದ: "ಐಸ್‌ಪೆಟ್ಟಿಗೆ ಕುಣೀತಿದೆ ಕಣ್ರೋ! ಮೂರೂ ಫೋನು ಒಟ್ಟಿಗೆ ಬಡ್ಕೋತಿವೆ!"

ಆಮೇಲೆ ಎಲ್ಲರೂ ಹೊಗಳಿದ ಕತೆ ಇದೇ. ಊರಿನ ಪ್ರತಿ ಫೋನಿಗೂ ನೋಲೀನಳ ಎಚ್ಚರಿಕೆ ಮುಟ್ಟಿತು. ಗುಡ್ಡದ ಮೇಲಿನಿಂದಲೇ ನಾವು ಕಾರುಗಳ ಸಾಲು ಎದ್ದು ಹೊರಟದ್ದನ್ನು ನೋಡಿದೆವು. ಶಾಲೆಯ ಬಸ್ಸು ಮುಂದಿತ್ತು.

"ಲೀಸಲ್‌ಗೆ ಮಾಡು!" ಡೀನ್ ರೇಡಿಯೋದಲ್ಲಿ ಕಿರುಚಿದ. "ಕ್ಲೈವ್, ಲೀಸಲ್‌ಗೆ!"

"ಮಾಡ್ತಿದ್ದೀನಿ."

"ಕೆರೆ ಕಡೆ ಅಂತ ಹೇಳು!"

ಕ್ಲೈವ್ ನಂಬರ್ ಒತ್ತಿ ಕಿವಿಗೆ ಹಿಡಿದದ್ದು, ಮತ್ತೆ ಒತ್ತಿದ್ದು ಮೇಲಿಂದ ಕಾಣಿಸಿತು.

"ಕಿವೀಲಿ ಬಿರಡೆ ಇರುತ್ತೆ, ಬಿಡಬೇಡ, ಮತ್ತೆ ಮಾಡು!"

"ಬಡ್ಕೋತಾ ಇಲ್ಲ ಕಣೋ," ಅಂದ ಕ್ಲೈವ್ ಕೊನೆಗೆ. "ನೇರವಾಗಿ ಧ್ವನಿಪೆಟ್ಟಿಗೆಗೇ ಹೋಗ್ತಿದೆ."

ಡೀನ್ ಇಳಿದ ರೀತಿಗೆ ಇಳಿಯುವುದೆನ್ನಬಾರದು, ಅರ್ಧ ಬಿದ್ದ. ನಾನು ಕೆಳಗೆ ಬರುವ ಹೊತ್ತಿಗೆ ಅವನು ಒಂದು ಕಿವಿಗೆ ಉಪಗ್ರಹದ ಫೋನು, ಇನ್ನೊಂದು ಕಿವಿಗೆ ತನ್ನದು ಹಿಡಿದಿದ್ದ. ಹಿಯೆನ್ ಹೇಳುತ್ತಿದ್ದಳು: "ಎಲ್ಲಾ ಕಿರಣಾನೂ ಹಳ್ಳದ ಕಡೆ ಹಾಕಿದ್ದೀನಿ. ಆದ್ರೆ ಅವಳ ಫೋನು ಒಂದ್ಸಲ ಉತ್ತರ ಕೊಡಬೇಕು, ಡೀನ್. ಅದರ ಸಣ್ಣ ಧ್ವನಿ ಆ ದಿಬ್ಬ ದಾಟಿ ಟವರಿಗೆ ಬರಬೇಕು. ಬರ್ತಿಲ್ಲ." ಅವಳೂ ಅಳುತ್ತಿದ್ದಳು. ಅವಳನ್ನು ಬೈಯಬೇಕೆಂದು ನನಗೆ ಆಗ ಅನ್ನಿಸಿತ್ತು, ಈಗ ಅನ್ನಿಸುವುದಿಲ್ಲ.

ನಾನು ನೋಲೀನ್‌ಗೆ ಹೇಳಿದೆ. ಅವಳ ದಳದ ಒಂದು ಗಾಡಿ ಹಳ್ಳದ ದಾರಿ ಹಿಡಿದು ಸೇತುವೆಯ ಹತ್ತಿರವೇ ವಾಪಸ್ ತಿರುಗಿತ್ತು. ಯೂಟ್ ಹತ್ತಿಯೂ ಇನ್ನು ಪ್ರಯೋಜನವಿರಲಿಲ್ಲ.

ಡೀನ್ ತಾಮ್ರದ ತುಂಡುಗಳ ಮೇಲೆ ಕೂತು ಅವಳ ನಂಬರ್ ಒತ್ತಿದ. ಸ್ಪೀಕರ್ ಹಾಕದಿದ್ದರೂ ಆ ನಗುಧ್ವನಿ ನಮಗೆ ಕೇಳಿಸಿತು. ಮನೆಗೆ ಬೆಂಕಿ ಬಿದ್ದಿಲ್ಲ ಅಂದ್ರೆ ಸಂಜೆ ಮೇಲೆ ಮಾಡಿ. ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ಬಾಗಿದ.

"ಲೀಸಲ್, ಏಳೇ. ಬೆಂಕಿ ಬಿದ್ದಿದೆ ಕಣೇ. ರಸ್ತೆಗೆ ಬರಬೇಡ. ಕೆರೆ ಕಡೆ ಹೋಗು, ಉಪ್ಪಿನ ಕೆರೆ ಕಡೆ. ಕೇಳಿಸ್ತಾ? ರಸ್ತೆ ಬೇಡ, ಪುಟ್ಟಿ. ಏಳೇ. ಏಳೇ ಮಾರಾಯ್ತಿ..."

ಪೆಟ್ಟಿಗೆ ತುಂಬಿ ತಾನಾಗಿ ಕಡಿದುಕೊಳ್ಳುವ ತನಕ ಮಾತಾಡಿದ. ಮತ್ತೆ ಒತ್ತಿದ, ಮತ್ತೆ ಅದನ್ನೇ ಹೇಳಿದ. ನಾನು ಅವನ ಭುಜ ಹಿಡಿದೆ, ಅವನು ಕೊಡವಿದ. ಮೂರನೆಯ ಸಲವೋ ನಾಲ್ಕನೆಯ ಸಲವೋ ಅವನು ಹಾಗೆ ಮಾತಾಡುತ್ತಿರುವಾಗ ಇನ್ನೊಂದು ಕರೆ ಬರುತ್ತಿದೆಯೆಂದು ಅವನ ಫೋನು ಕಿವಿಯಲ್ಲಿ ಬೀಪೆಂದಿರಬೇಕು. ಆ ಗಾಳಿಯಲ್ಲಿ ಅವನಿಗೆ ಕೇಳಿಸಲಿಲ್ಲ.

ಹೊಗೆ ಗುಡ್ಡವನ್ನು ಮುಚ್ಚತೊಡಗಿದಾಗ ಕ್ಲೈವ್ ನಮ್ಮನ್ನು ಗಾಡಿಗೆ ತಳ್ಳಿದ. ಡೀನ್ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಆಗ ನಾನೇ ಮೊದಲು ನೋಡಿದ್ದು: ತಪ್ಪಿದ ಕರೆ, ಲೀಸಲ್. ಅದರ ಕೆಳಗೆ ಒಂದು ಧ್ವನಿಸಂದೇಶ.

ಅವಳು ಹೊಗೆಗೆ ತಾನಾಗಿಯೇ ಎದ್ದಿದ್ದಳು. ಮನೆಯಲ್ಲಿ ಸಿಗ್ನಲ್ ಇಲ್ಲದ್ದು ನೋಡಿ ಕಾರು ಹತ್ತಿ ರಸ್ತೆಯ ಅಂಚಿಗೆ, ಅಂಚೆಪೆಟ್ಟಿಗೆಯ ಹತ್ತಿರ ಬಂದಿದ್ದಳು. ನಕ್ಷೆಯಲ್ಲಿ ಹಸಿರಿದ್ದದ್ದು ಅಲ್ಲೇ, ಅಲ್ಲಿ ಹಸಿರು ಸುಳ್ಳಾಗಿರಲಿಲ್ಲ. ಮರುದಿನ ಅವಳ ಸುಟ್ಟ ಕಾರು ಸಿಕ್ಕಿದ್ದು ಅಲ್ಲಿಂದ ಸ್ವಲ್ಪ ಮುಂದೆ, ಊರಿನ ಕಡೆಗೆ ಮುಖ ಮಾಡಿ.

ಗಾಡಿ ಓಡಿಸುತ್ತಿದ್ದ ಕ್ಲೈವ್ ಬೇಡ ಬೇಡವೆಂದ. ಡೀನ್ ಕೇಳಿಸಿಕೊಂಡ. ಅವಳ ಧ್ವನಿಯಲ್ಲಿ ಭಯಕ್ಕಿಂತ ಸಿಟ್ಟೇ ಹೆಚ್ಚಿತ್ತು, ಫೋನ್ ಎತ್ತದ ಅಣ್ಣನ ಮೇಲಿನ ಸಿಟ್ಟು.

"ಡೀನ್, ಎತ್ತೋ. ಇಲ್ಲಿ ಏನೂ ಕಾಣ್ತಿಲ್ಲ. ನಾನು ಯಾವ ಕಡೆ ಹೋಗ್ಲಿ? ಊರ ಕಡೆ ಬರ್ಲಾ, ಕೆರೆ ಕಡೆ ಹೋಗ್ಲಾ? ಅಯ್ಯೋ, ಎತ್ತೋ. ಆಗಿಂದ ಲೈನ್ ಬ್ಯುಸಿ, ಬ್ಯುಸಿ. ಈ ಹೊತ್ನಲ್ಲಿ ಯಾರ ಹತ್ರ ಮಾತಾಡ್ತಾ ಕೂತಿದ್ದೀಯ?"