ವಜೀರರ ರಾಜೀನಾಮೆ

"ಮೊಹರು ನನ್ನದು, ಜಹಾಂಪನಾ. ಪತ್ರ…" ಎಂದು ಶಿವಾನಂದ ಮೂರನೆಯ ಸಲವೂ ಅಲ್ಲಿಗೇ ನಿಂತುಬಿಟ್ಟ.

"ಪತ್ರ ನನ್ನದಲ್ಲ! ಇಷ್ಟೇ ಸಾರ್. ನೀವೇ ಬರೆದಿರೋ ಡೈಲಾಗು," ಎಂದಳು ಲೀಲಾವತಿ. ಮೈಸೂರಿನವಳು, ನಾಟಕದ ನಿರ್ದೇಶಕಿ, ಸಿಟ್ಟು ಬಂದಷ್ಟೂ ದನಿ ಮೆತ್ತಗಾಗುವ ಹೆಂಗಸು. "ಹುಷಾರಿಲ್ಲ ಅಂದ್ರೆ ಕೂತ್ಕೊಳ್ಳಿ. ಬೆಳಿಗ್ಗೆ ನಿಮ್ಮ ಮೇಲ್ ನೋಡ್ದೆ. ಹೆಲ್ತ್ ಮುಖ್ಯ ಅಲ್ವಾ?"

ಆ ಮೇಲ್! ಅದರ ಹೆಸರೆತ್ತಿದ್ದೇ ತಡ, ಶಿವಾನಂದನಿಗೆ ಮುಂದಿನ ಮಾತೂ ಮರೆಯಿತು.

ಭಾನುವಾರ ಮಧ್ಯಾಹ್ನ, ಅಮೆರಿಕದ ಪ್ರಾಸ್ಪರ್ ಊರಿನ ಒಂದು ಕ್ಲಬ್‌ಹೌಸಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವದ ನಾಟಕಕ್ಕೆ ತಾಲೀಮು ನಡೆದಿತ್ತು. ಕಥೆ ಬಹಮನಿ ಸುಲ್ತಾನರ ವಜೀರ ಮಹಮೂದ್ ಗವಾನನದು. ಬೀದರಿನಲ್ಲಿ ಹುಟ್ಟಿ, ಗವಾನನ ಮದರಸಾದ ಸುತ್ತಮುತ್ತ ಲಗೋರಿ ಆಡಿ ಬೆಳೆದ ಶಿವಾನಂದ ಅದನ್ನು ತಾನೇ ಬರೆದು ತಾನೇ ವಜೀರನಾಗಿದ್ದ. ಸುಲ್ತಾನರು ಬರುತ್ತಾರೆ, ಹೋಗುತ್ತಾರೆ. ಕಂದಾಯ, ಕೋಟೆ, ದಂಡು, ಪರದೇಶದ ಓಲೆ ಎಲ್ಲ ನೋಡುವವನು ವಜೀರ. ತಖ್ತು ಅವನದಲ್ಲ, ಆದರೆ ಅವನ ಮೊಹರು ಬೀಳದೆ ಒಂದು ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ಕೊನೆಗೆ ವೈರಿಗಳು ಮೊಹರು ಕಾಯುವವನನ್ನು ಬಲೆಗೆ ಹಾಕಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿ, ಆಮೇಲೆ ಅದರಲ್ಲಿ ರಾಜದ್ರೋಹದ ಪತ್ರ ಬರೆಯುತ್ತಾರೆ. ಸುಲ್ತಾನ ನಂಬುತ್ತಾನೆ, ಮುದಿ ವಜೀರನ ತಲೆ ತೆಗೆಸುತ್ತಾನೆ.

ಸಂಘದಲ್ಲಿ ಶಿವಾನಂದನದೂ ಒಂದು ಬಗೆಯ ವಜೀರಿಕೆಯೇ. ಹನ್ನೊಂದು ವರ್ಷದಿಂದ ಕಾರ್ಯದರ್ಶಿ. ಅಧ್ಯಕ್ಷರು ವರ್ಷಕ್ಕೊಬ್ಬರು ಬಂದು, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಹಾಲ್ ಗೊತ್ತುಮಾಡುವುದು, ಊಟಕ್ಕೆ ಹೇಳುವುದು, ಊರಿನಿಂದ ಬರುವ ಕಲಾವಿದರ ವೀಸಾಕ್ಕೆ ಆಹ್ವಾನ ಪತ್ರ ಕಳಿಸುವುದು ಎಲ್ಲ ಇವನೇ. ತಾನು ಬೀದರಿಗೆ ಹೋಗುವಾಗಲೆಲ್ಲ ಸಂಘದ ಹತ್ತು ಲೆಟರ್‌ಹೆಡ್‌ಗಳಿಗೆ ಕೆಳಗೆ ಸಹಿ ಹಾಕಿ, ಮೇಲೆ ಖಾಲಿ ಬಿಟ್ಟು, ಬೇಕಾದವರಿಗೆ ಕೊಡಲು ಮನೆಯಲ್ಲಿ ಇಟ್ಟುಹೋಗುತ್ತಿದ್ದ. ನಮ್ಮನಮ್ಮವರೇ ಅಲ್ಲವೇ, ಯಾರೂ ತಪ್ಪೆಂದಿರಲಿಲ್ಲ.

ಈ ಬೆಳಿಗ್ಗೆ ಅಂಥದೇ ಒಂದು ಹಾಳೆ ಮೇಲ್‌ನಲ್ಲಿ ನಾನೂರು ಮನೆ ಮುಟ್ಟಿತ್ತು. 'ಆರೋಗ್ಯದ ಕಾರಣದಿಂದ ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ನೀಡುತ್ತಿದ್ದೇನೆ.' ಕೆಳಗೆ ಅವನದೇ ಸಹಿ.

ಆಗಿನಿಂದ ಅವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಯೂಲೆಸ್‌ನ ಮನೆಯಿಂದ ಬರುವಾಗ ಎರಡು ಸಲ ಹೆದ್ದಾರಿಯ ಎಕ್ಸಿಟ್ ತಪ್ಪಿಸಿಕೊಂಡ. ದಾರಿಯುದ್ದಕ್ಕೂ ಕರೆಗಳು, ಪತ್ರ ತನ್ನದಲ್ಲ ಎನ್ನಲು ಯಾರೂ ಬಿಡುವು ಕೊಡಲಿಲ್ಲ. ಹ್ಯೂಸ್ಟನ್ನಿನ ಡಾಕ್ಟರ್ ಚನ್ನಮಲ್ಲಪ್ಪನವರು "ಉಪ್ಪು ಬಿಡ್ರಿ" ಎಂದರು. ಆಸ್ಟಿನ್‌ನಿಂದ ಯಾರೋ ಅಮೃತಬಳ್ಳಿ ಕಷಾಯ ಹೇಳಿಕೊಟ್ಟರು. ಒಬ್ಬರಾದರೂ 'ನೀವಿಲ್ಲದೆ ಸಂಘ ಹೇಗೆ ನಡೀಬೇಕು' ಎನ್ನಬಾರದೇ! ಒಬ್ಬರೂ ಅನ್ನಲಿಲ್ಲ. ಅದೇ ಅವನ ಹೊಟ್ಟೆಗೆ ಬೆಂಕಿ ಇಟ್ಟದ್ದು. ಪಕ್ಕದಲ್ಲಿ ಕೂತ ಹೆಂಡತಿ ವೈದೇಹಿ ಕಿಟಕಿಯಾಚೆ ನೋಡುತ್ತಿದ್ದಳು.

ಇದು ವಿಶ್ವಾಸನ ಕೆಲಸ, ಅನುಮಾನವೇ ಬೇಡ. ಈ ವರ್ಷದ ಅಧ್ಯಕ್ಷ, ಮೂವತ್ತಾರರ ಹುಡುಗ, ನಾಟಕದಲ್ಲಿ ಸುಲ್ತಾನ. ಮೇಲ್ ಬಂದದ್ದೂ ಅವನಿಂದಲೇ. 'ಹೊಸಬರಿಗೂ ಚಾನ್ಸ್ ಕೊಡೋಣ ಅಂಕಲ್' ಎಂದು ಯುಗಾದಿಯಲ್ಲೇ ರಾಗ ಎಳೆದಿದ್ದ. ಆ ಸ್ಥಾನ ಹೋದರೆ ತಾನು ಯಾರು? ಯೂಲೆಸ್‌ನಲ್ಲಿ ಹುಲ್ಲು ಕತ್ತರಿಸುವ ಒಬ್ಬ ನಿವೃತ್ತ ಇಂಜಿನಿಯರು, ಅಷ್ಟೇ. ಶಿವಾನಂದನಿಗೆ ಹೆದರಿಕೆಯಾಯಿತು.

ಚಹಾಕ್ಕೆ ಬಿಟ್ಟ ಕೂಡಲೇ ಸುಲ್ತಾನನ ರಟ್ಟೆ ಹಿಡಿದು ಪಾರ್ಕಿಂಗ್ ಲಾಟಿಗೆ ಎಳೆದುಕೊಂಡು ಹೋದ. ಹುಡುಗನ ತಲೆಯ ಮೇಲೆ ಜರಿ ಪೇಟ ಹಾಗೇ ಇತ್ತು.

"ನನ್ನ ಸಹಿ ಮ್ಯಾಲೆ ರಾಜೀನಾಮೆ ಬರೀಲಿಕ್ಕೆ ನಿನಗ ಧೈರ್ಯ ಹ್ಯಾಂಗ ಬಂತೋ?"

ವಿಶ್ವಾಸ್ ಕಕ್ಕಾಬಿಕ್ಕಿಯಾದ. "ಅಂಕಲ್, ಅದು ನೀವೇ ಕಳಿಸಿದ್ದಲ್ವಾ? ಗುರುವಾರ ವೈದೇಹಿ ಆಂಟಿ ಮನೆಗೇ ಬಂದು ಕವರ್ ಕೊಟ್ರು. 'ಅವರಿಗೆ ಫೋನ್ ಮಾಡ್ಬೇಡ, ಮನಸ್ಸಿಗೆ ಹಚ್ಕೋತಾರೆ' ಅಂದ್ರು. ಓದಿ ನಂಗೆ ಅಳುನೇ ಬಂತು."

"ಯಾರು ಕೊಟ್ರು?"

"ಆಂಟಿ… ಅಯ್ಯೋ, ನೀವು ಬರೆದಿಲ್ವಾ? ಹೂಂ ಅನ್ನಿ ಅಂಕಲ್, ತಪ್ಪಾಯ್ತು ಅಂತ ಈಗ್ಲೇ ಇನ್ನೊಂದು ಮೇಲ್ ಹಾಕ್ತೀನಿ. ಐದೇ ನಿಮಿಷ."

"ತಡಿ," ಎಂದು ಶಿವಾನಂದ ಒಳಗೆ ನುಗ್ಗಿದ.

ಕ್ಲಬ್‌ಹೌಸಿನ ಅಡುಗೆಕೋಣೆಯಲ್ಲಿ ವೈದೇಹಿ ಒಬ್ಬಳೇ ಕೂತು ವಜೀರನ ನಿಲುವಂಗಿಗೆ ಗುಂಡಿ ಹಚ್ಚುತ್ತಿದ್ದಳು.

"ಆ ಪತ್ರ ನೀ ಬರದ್ಯಾ?"

"ಹೌದ್ರಿ. ಒಂದು ಹಾಳಿ ಉಳದಿತ್ತು." ಸೂಜಿ ನಿಲ್ಲಲಿಲ್ಲ.

"ಎಲ್ಲಾ ಮಂದಿ ಮುಂದ ನನ್ನ ಮರ್ಯಾದಿ ತಗದಿ! ನನಗ ಒಂದು ಮಾತು ಕೇಳಬಾರದಿತ್ತಾ?"

"ಇದನ್ನ ಬಿಡ್ರಿ ಅಂತ ಹನ್ನೊಂದು ವರ್ಷ ಕೇಳೀನಿ. ಪ್ರತಿ ಸಲಾ 'ಈ ರಾಜ್ಯೋತ್ಸವ ಒಂದು ಮುಗೀಲಿ' ಅಂದ್ರಿ."

"ಅದಕ್ಕ ಕಳ್ಳತನ ಮಾಡೋದಾ?"

ವೈದೇಹಿ ದಾರ ಕಡಿದು ತಲೆಯೆತ್ತಿದಳು. "ಆಗಸ್ಟ್‌ನಾಗ ಸಂಘದ ಖುರ್ಚಿ ಒಬ್ಬರೇ ಹೊರೂ ಮುಂದ ಬಿದ್ರಲ್ಲ, ಅವತ್ತಿಂದು ನಿಮಗ ಹೇಳೇ ಇಲ್ಲ. ದವಾಖಾನ್ಯಾಗ ನಿಮ್ಮ ಹಳೀ ಫಾರ್ಮ್ ತಗದು ನೋಡ್ಯಾರ. ಎಮರ್ಜೆನ್ಸಿ ಇದ್ರ ಯಾರಿಗೆ ತಿಳಸಬೇಕು ಅನ್ನೂ ಜಾಗಾದಾಗ ಸಂಘದ ನಂಬರ್ ಬರದೀರಿ. ಅವರು ಅದಕ್ಕ ಫೋನ್ ಹಚ್ಚ್ಯಾರ. ಸಂಘದ ಫೋನು ಬಿಚ್ಚಿಟ್ಟ ನಿಮ್ಮ ಪ್ಯಾಂಟಿನ ಕಿಸೆದಾಗ, ದವಾಖಾನಿ ಮಂಚದ ಕೆಳಗ ಚೀಲದಾಗ ಬಡಕೊಂಡದ, ಬಡಕೊಂಡದ… ನಾ ಮನಿಯಾಗ ಆರಾಮ ಟಿವಿ ನೋಡಕೋತ ಕುಂತಿದ್ದೆ, ರೀ. ಎದ್ಯಾಗ ಸ್ಟೆಂಟ್ ಹಾಕಿ ಮುಗದ ಮ್ಯಾಲೆ ನನಗ ಗೊತ್ತಾತು."

ಶಿವಾನಂದನಿಗೆ ಫಾರ್ಮ್ ತುಂಬಿದ್ದು ನೆನಪಿಗೇ ಬರಲೊಲ್ಲದು. ಯಾವುದೋ ಆತುರದಲ್ಲಿ, ಕೈಗೆ ಬಂದ ನಂಬರು ಗೀಚಿರಬೇಕು.

"ನಿಮ್ಮ ನಾಟಕಾನೂ ಓದೀನಿ," ಎಂದಳು ವೈದೇಹಿ. "ಹದಿನಾಲ್ಕು ಪಾತ್ರ ಅವ. ವಜೀರನ ಹೆಣ್ತಿದು ಒಂದು ಮಾತಿಲ್ಲ. ತಲಿ ಹೋತು ಅಂತ ಆಕಿಗೆ ಯಾರು ಹೋಗಿ ಹೇಳಿದ್ರು?"

ಅವನಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ. ನಾಚಿಕೆ ಮಾತ್ರ ಅದರ ಮೇಲೆ ಏರಿ ಕೂತಿತ್ತು. ಗೋಡೆಗೆ ಒರಗಿದ, ಮತ್ತೆ ನೆಟ್ಟಗೆ ನಿಂತ, ಸಿಂಕಿನ ನಲ್ಲಿ ಸುಮ್ಮನೆ ತಿರುಗಿಸಿ ಮುಚ್ಚಿದ.

ಬಾಗಿಲಲ್ಲಿ ವಿಶ್ವಾಸ್ ಫೋನು ಹಿಡಿದು ನಿಂತಿದ್ದ. "ಅಂಕಲ್, ಟೈಪ್ ಮಾಡಿದೀನಿ. ಕಳಿಸ್ಲಾ?"

ಒಂದು 'ಹೂಂ' ಅಂದರೆ ಸಾಕಿತ್ತು, ಹನ್ನೊಂದು ವರ್ಷದ ಕುರ್ಚಿ ಹಾಗೇ ಉಳಿಯುತ್ತಿತ್ತು. ವೈದೇಹಿ ಸೂಜಿಯನ್ನು ಬಟ್ಟೆಗೆ ಚುಚ್ಚಿ, ನೆಲ ನೋಡುತ್ತ ಕೂತಳು.

"ಬ್ಯಾಡ," ಎಂದ ಶಿವಾನಂದ. "ಕಳಸಬ್ಯಾಡ. ಅಳಿಸಿಹಾಕು."

ಹೇಳಿದವನೇ ಜೇಬಿನಿಂದ ಕೀಲಿಗೊಂಚಲು ತೆಗೆದ. ದೀಪದ ಕಂಬ, ಭುವನೇಶ್ವರಿಯ ಪಟ, ಬಾವುಟ ಎಲ್ಲ ತುಂಬಿಟ್ಟ ಸಂಘದ ಗೋದಾಮಿನ ಕೀಲಿ ಅವನ ಬಳಿ ಮಾತ್ರ ಇತ್ತು. ಗೊಂಚಲಿನ ಬಳೆಯ ಸಂದಿಗೆ ಉಗುರು ಹಾಕಿ ಬಿಡಿಸಲು ನೋಡಿದ. ಬಿಗಿಯಾಗಿತ್ತು. ಇನ್ನೊಮ್ಮೆ ಹಾಕಿದ, ಉಗುರು ಸೀಳಿತು. ವಿಶ್ವಾಸ್ ಅಂಗೈ ಚಾಚಿಕೊಂಡು ಕಾಯುತ್ತಿದ್ದ.

ವೈದೇಹಿ ಎದ್ದು ಬಂದು ಕತ್ತರಿಯ ತುದಿಯನ್ನು ಸಂದಿಗೆ ತೂರಿಸಿ ಅಗಲಿಸಿ ಹಿಡಿದಳು. ಶಿವಾನಂದ ಒಂದೊಂದೇ ಸುತ್ತು, ನಿಧಾನವಾಗಿ, ಕೀಲಿಯನ್ನು ಹೊರಗೆ ತಿರುಗಿಸತೊಡಗಿದ.