ಹನ್ನೊಂದು ಸಲ ‘ಹಿಮ’

ಬಂಡೆಗೆ ಬಿಗಿದ ಭೂಕಂಪದ ಯಂತ್ರವನ್ನು ಹತ್ತೊಂಬತ್ತು ವರ್ಷ ನೋಡಿಕೊಂಡವಳು ನಾನು. ಸೂಜಿ ಅಲುಗಿದ್ದೆಲ್ಲ ಭೂಕಂಪವಲ್ಲ. ನಮ್ಮೂರ ಕಡಲತೋಳಿನ ತುದಿಯಲ್ಲಿ ಹಿಮನದಿ ಒಡೆದು ನೀರಿಗೆ ಬಿದ್ದರೂ ಅದು ಅಲುಗುತ್ತದೆ. ಅದಕ್ಕೇ ಹೊರಗೆ ಹೋಗಿ ಕಿವಿಗೊಡಬೇಕು. ಒಡೆದ ಸದ್ದು ಕೇಳಿಸಿದರೆ ಪುಸ್ತಕದಲ್ಲಿ ‘ಹಿಮ’ ಎಂದು ಬರೆಯಬೇಕು, ಕೇಳಿಸದಿದ್ದರೆ ನೂಕ್ ಪಟ್ಟಣದ ಭೂಕಂಪ ಕಚೇರಿಗೆ ಫೋನ್ ಮಾಡಬೇಕು. ಇಷ್ಟೇ ಕೆಲಸ. ನಾಯಿಗೂ ಕಲಿಸಬಹುದಿತ್ತು.

ಆ ಜೂನ್‌ನಲ್ಲಿ ಮೂರು ದಿನ ಸೂಜಿ ಸಣ್ಣಗೆ ನಡುಗುತ್ತಲೇ ಇತ್ತು. ಒಲೆಯ ಮೇಲೆ ಸೀಲ್ ಮಾಂಸ ಬೇಯುತ್ತಿತ್ತು, ಹೊರಗೆ ಸೊಳ್ಳೆ ಕಾಟ. ನಾನು ಏಳಲಿಲ್ಲ. ಹಿಮವಲ್ಲದೆ ಇನ್ನೇನು ಎಂದುಕೊಂಡು ಕೂತಲ್ಲೇ ಹನ್ನೊಂದು ಸಲ ‘ಹಿಮ’ ಎಂದು ಬರೆದೆ. ನಾಲ್ಕನೆಯ ದಿನ ಎದುರುದಂಡೆಯ ಬೆಟ್ಟವೇ ಜಾರಿ ನೀರಿಗೆ ಬಿತ್ತು. ಎದ್ದ ಅಲೆ, ಬಲೆ ಎತ್ತುತ್ತಿದ್ದ ನನ್ನಣ್ಣ ಪವಿಯಾನನ್ನು ದೋಣಿ ಸಮೇತ ಒಯ್ದಿತು. ಮೂರು ದಿನ ನಡುಗಿದ್ದು ಆ ಬೆಟ್ಟ. ನಾನು ಫೋನ್ ಮಾಡಿದ್ದರೆ ಊರಿಗೆ ಎಚ್ಚರಿಕೆ ಬರುತ್ತಿತ್ತು, ಅವನು ದೋಣಿ ಇಳಿಸುತ್ತಿರಲಿಲ್ಲ. ಇದನ್ನು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಹೇಡಿ ನಾನು.

ಸೆಪ್ಟೆಂಬರ್‌ನಲ್ಲಿ ಅಣ್ಣನ ಮಗಳು ನಿವಿಯಾಕ್ ಗಂಡುಮಗು ಹೆತ್ತಳು. ನಮ್ಮಲ್ಲಿ ಸತ್ತವರ ಹೆಸರನ್ನು ಕೂಸಿಗಿಟ್ಟರೆ ಸತ್ತವರೇ ಮರಳಿ ಬಂದ ಹಾಗೆ. ಕೂಸನ್ನೆತ್ತಿಕೊಂಡು ನಗುತ್ತ ನನ್ನ ಮನೆಗೆ ಬಂದಳು.

“ಅತ್ತೆ, ನಿಮ್ಮಣ್ಣ ಬಂದಿದಾನೆ, ಬೇಗ ಕಾಫಿ ಇಡಿ! ಮೂಗು ನೋಡಿ, ಥೇಟ್ ಅಪ್ಪಂದೇ, ಅಮುಕಿಟ್ಟ ಹಾಗೆ. ಹೆಸರು ನೀವೇ ಕರೀಬೇಕು. ಮನೇಲಿ ಇನ್ಯಾರಿದಾರೆ ಹಿರಿಯರು?”

ಕಾಫಿ ಮಾಡಿ ಅವಳ ಮುಂದಿಟ್ಟೆ. ಸತ್ಯ ನುಂಗಿದ ಬಾಯಿಂದ ಆ ಹೆಸರನ್ನು ಕರೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಮಾಂಸ, ಸೊಳ್ಳೆ, ಹನ್ನೊಂದು ಸಲ, ಒಂದನ್ನೂ ಮುಚ್ಚಿಡಲಿಲ್ಲ.

ನಿವಿಯಾಕ್ ಎದ್ದು ಬಂದಳು. ಕೂಸನ್ನು ನನ್ನ ತೊಡೆಯ ಮೇಲಿಟ್ಟಳು.

“ನನಗ್ಯಾಕೆ ಹೇಳ್ತೀರಿ? ಅವನಿಗೆ ಹೇಳಿ.”

“ಪವಿಯಾ,” ಎಂದೆ. “ಅಣ್ಣ, ನಾನು ಹೊರಗೆ ಹೋಗಿ ಕೇಳಲೇ ಇಲ್ಲ ಕಣೋ.” ಬಿಕ್ಕಿ ಬಿಕ್ಕಿ ಅತ್ತೆ.

“ಏನಂದ ಅಪ್ಪ?”

“ನಿದ್ದೆ ಮಾಡ್ತಿದಾನೆ ಕಣೆ.”

“ಹಾಗಾದ್ರೆ ನಾಳೆ ಬಂದು ಮತ್ತೆ ಹೇಳಿ. ನಾಡಿದ್ದೂ ಹೇಳಿ. ಅವನಿಗೆ ಅರ್ಥ ಆಗೋ ತನಕ ಹೇಳ್ತಾನೇ ಇರಿ. ಕ್ಷಮಿಸೋದೋ ಬಿಡೋದೋ, ಅವತ್ತು ಅವನೇ ಹೇಳ್ತಾನೆ. ನನ್ನ ಕೇಳ್ಬೇಡಿ.”

ಕೂಸನ್ನು ಎತ್ತಿಕೊಂಡು ಹೊರಟುಹೋದಳು. ಕಾಫಿ ಮುಟ್ಟಲಿಲ್ಲ.

ನನಗೀಗ ಎಪ್ಪತ್ತೊಂದು. ಅವನಿಗೆ ಮಾತು ತಿಳಿಯುವವರೆಗೆ ನಾನು ಸಾಯುವ ಹಾಗಿಲ್ಲ.