ಬಿಚ್ಚಬಾರದ ಕಟ್ಟು

ಜೋಗೇಶ್ವರಿಯ ಆ ಚಾಳಿನಲ್ಲಿ ಯಾರ ಕೈ ಉಳುಕಿದರೂ, ಯಾರ ಕಾಲು ಹೊರಳಿದರೂ ರುದ್ರವ್ವನ ಬಾಗಿಲಿಗೇ ಬರಬೇಕು. ವಿಜಾಪುರದ ಕಡೆಯ ಅವಳ ಅಪ್ಪ ದಾನಪ್ಪ ಎಲುಬು ಕೂಡಿಸುವುದರಲ್ಲಿ ಹತ್ತು ಹಳ್ಳಿಗೆ ಹೆಸರಾದವನು. ಉದ್ದಿನ ಹಿಟ್ಟು ಕಲಸಿ, ಬಟ್ಟೆಗೆ ಸವರಿ, ಬಿದಿರಿನ ದಬ್ಬೆಯಿಟ್ಟು ಬಿಗಿದನೆಂದರೆ ಆ ಕಟ್ಟನ್ನು ಒಂಬತ್ತು ದಿನ ಯಾರೂ ಬಿಚ್ಚುವಂತಿರಲಿಲ್ಲ. ಬಿಚ್ಚಿದರೆ ಕೈಗುಣ ಕೆಡುತ್ತದೆ ಎಂಬ ಕಟ್ಟಳೆ. ರುದ್ರವ್ವ ಆ ಕಟ್ಟಳೆಯನ್ನೂ ಗಂಟುಕಟ್ಟಿಕೊಂಡೇ ಮುಂಬಯಿಗೆ ಬಂದಿದ್ದಳು.

ಹಾಗಾದರೆ ಮಗ ಪರಪ್ಪನ ಎಡಗೈ ಯಾಕೆ ಹಾಗಿದೆ ಎಂದು ಹೊಸಬರು ಕೇಳುವುದುಂಟು. ಬೆರಳುಗಳು ಒಳಕ್ಕೆ ಮುದುಡಿ ಗಟ್ಟಿಯಾಗಿವೆ, ನೆಟ್ಟಗಾಗುವುದಿಲ್ಲ. ರುದ್ರವ್ವ ಮುಖ ಬಿಗಿದುಕೊಂಡು ಹೇಳುತ್ತಿದ್ದಳು:

"ಎಂಟ ವರ್ಷದಾವ ಇದ್ದಾಗ ಗಿಡದ ಮ್ಯಾಲಿಂದ ಬಿದ್ದ. ಅಪ್ಪ ಚೊಲೋ ಕಟ್ಟಿದ್ದ. ಆಟದ ಹುಚ್ಚಿನ್ಯಾಗ ಇವನಽ ಕಟ್ಟು ಬಿಚ್ಚಿಕೊಂಡ. ಏನ ಮಾಡೂದು?"

ಪರಪ್ಪ ಕೇಳಿಯೂ ಕೇಳದವನಂತೆ ಕಾರ್ಖಾನೆಗೆ ಹೊರಟುಬಿಡುತ್ತಿದ್ದ. ಅಲ್ಲಿ ಅವನದು ಗೇಟು ಕಾಯುವ ಕೆಲಸ. ಆ ಕೈಗೆ ಯಂತ್ರದ ಕೆಲಸ ಯಾರು ಕೊಟ್ಟಾರು?

ಅವನ ಮಗಳು ದಾನವ್ವನಿಗೆ ಏಳು ವರ್ಷ. ತಾಯಿ ಹೆರಿಗೆಗೆಂದು ತವರಿಗೆ ಹೋದಾಗ ಹುಡುಗಿಗೆ ಜೊತೆಯಾಗಲೆಂದು ಪರಪ್ಪ ಕಾಂದಿವಲಿಯ ಒಂದು ಬಂಗಲೆಯ ಮಾಲಿಯನ್ನು ಕೇಳಿ ಬಿಳಿ ಮೊಲ ತಂದುಕೊಟ್ಟಿದ್ದ. ಐವತ್ತೈದನೆಯ ಇಸವಿಯ ಒಂದು ಬೆಳಿಗ್ಗೆ ಆ ಮೊಲದ ಹಿಂಗಾಲಿನ ಉಗುರು ಅದಕ್ಕೆ ಹಾಸಿದ್ದ ಗೋಣಿತಾಟಿನ ಎಳೆಗೆ ಸಿಕ್ಕಿಬಿತ್ತು. ಜಗ್ಗಿದ್ದೇ ತಡ, ಉಗುರು ಕಿತ್ತು ರಕ್ತ ಸುರಿಯಿತು.

ರುದ್ರವ್ವ ಮೊಲವನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಚಿಟಿಕೆ ಜೋಳದ ಹಿಟ್ಟನ್ನು ಗಾಯಕ್ಕೆ ಒತ್ತಿ ಹಿಡಿದಳು. ರಕ್ತ ನಿಂತಿತು. ಅಲ್ಲಿಗೆ ಕೈ ತೊಳೆದುಕೊಂಡು ಏಳಬೇಕಿತ್ತು. ಎದ್ದಾಳೆಯೇ ದಾನಪ್ಪನ ಮಗಳು! ಮೊಲ ಕುಂಟಿದ್ದು ಕಣ್ಣಿಗೆ ಬಿತ್ತು, ಎಲುಬು ಸರಿದಿದೆ ಎಂದು ತೀರ್ಮಾನವಾಯಿತು, ಉದ್ದಿನ ಹಿಟ್ಟು ಕಲಸಿಯೂ ಆಯಿತು. ಕಸಬರಿಗೆಯ ಕಡ್ಡಿಗಳನ್ನೇ ದಬ್ಬೆ ಮಾಡಿ ಬಿಗಿದುಬಿಟ್ಟಳು.

ಮಧ್ಯಾಹ್ನಕ್ಕೆ ಹಿಟ್ಟು ಒಣಗಿ ಕಲ್ಲಾಯಿತು. ಮೊಲ ಮೂಲೆ ಸೇರಿ ನೋವಿಗೆ ಹಲ್ಲು ಮಸೆಯುತ್ತ ಕುಳಿತಿತು. ಮೂಲಂಗಿ ಸೊಪ್ಪು ಇಟ್ಟರೆ ಮೂಸಿಯೂ ನೋಡಲಿಲ್ಲ.

"ಆಯಿ, ಅದಕ ಬಿಗಿ ಆಗೇತಿ. ಬಿಚ್ಚು," ಎಂದಳು ಮೊಮ್ಮಗಳು.

"ಬಿಗಿ ಇದ್ರನ ಎಲುಬು ಕೂಡತೈತಿ. ಒಂಬತ್ತ ದಿನ ತಡಕೋಬೇಕು."

ಸಂಜೆ ಪರಪ್ಪ ಬಂದಾಗ ದಾನವ್ವ ಓಡಿಹೋಗಿ ಅಜ್ಜಿಯ ಮಾತನ್ನು ಇದ್ದಹಾಗೆಯೇ ಹೇಳಿದಳು. ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ. ಆಮೇಲೆ ಮೊಲದ ಹತ್ತಿರ ಕುಳಿತು, ಕಟ್ಟಿನಿಂದ ಹೊರಗಿದ್ದ ಬೆರಳುಗಳನ್ನು ಮುಟ್ಟಿದ. ಊದಿ ತಣ್ಣಗಾಗಿದ್ದವು.

"ಕತ್ತರಿ ಕೊಡು."

"ಕೈಗುಣ ಕೆಡತೈತೋ ತಮ್ಮಾ."

"ಕತ್ತರಿ ಕೊಡವ್ವಾ."

ಮುದುಡಿದ ಎಡಗೈಯಿಂದ ಮೊಲವನ್ನು ಎದೆಗೊತ್ತಿ ಹಿಡಿದು, ಬಲಗೈಯಿಂದ ಒಂದೊಂದೇ ಸುತ್ತು ಕತ್ತರಿಸಿದ. ಕೆಳಗೆ ರೋಮ ಒತ್ತಿಹೋಗಿ ಕಾಲಿನ ಸುತ್ತ ಬರೆ ಬಿದ್ದಿತ್ತು. ಎಲುಬಿಗೆ ಏನೂ ಆಗಿರಲಿಲ್ಲ.

ರುದ್ರವ್ವ ಆ ತಣ್ಣನೆಯ ಬೆರಳುಗಳನ್ನು ತಾನೂ ಮುಟ್ಟಿದಳು. ಹೀಗೆಯೇ ತಣ್ಣಗಿದ್ದ ಎಂಟು ವರ್ಷದ ಬೆರಳುಗಳನ್ನು ಅವಳು ಹಿಂದೊಮ್ಮೆ ಮುಟ್ಟಿದ್ದಳು. ಅಂದು ಹುಡುಗ ಮೂರು ರಾತ್ರಿ ಅತ್ತಿದ್ದ, ಅವಳು 'ಒಂಬತ್ತ ದಿನ ತಡಕೋಬೇಕು' ಎಂದು ಇದೇ ಮಾತು ಹೇಳಿದ್ದಳು. ಒಂಬತ್ತನೆಯ ದಿನ ಕಟ್ಟು ಬಿಚ್ಚಿದವನು ದಾನಪ್ಪನೇ. ಮೊಮ್ಮಗನ ಕೈ ನೋಡಿ, 'ಹುಡುಗ ನಡುವ ಬಿಚ್ಚಿಕೊಂಡಾನ' ಎಂದುಬಿಟ್ಟ. ಅಪ್ಪನ ಮರ್ಯಾದೆಗೆಂದು ಅವಳೂ ಹೂಂಗುಟ್ಟಿದಳು. ಹೇಳಿ ಹೇಳಿ ಅವಳಿಗೇ ಅದು ನಿಜವಾಗಿಬಿಟ್ಟಿತ್ತು.

"ನೀ ಬಿಚ್ಚಿರಲಿಲ್ಲ," ಎಂದಳು.

"ಇಲ್ಲ."

"ಇಷ್ಟ ವರ್ಷ ಬಾಯಿ ಬಿಡಲಿಲ್ಲಲ್ಲೋ."

"ನಿನಗ ನಿಮ್ಮಪ್ಪನ ಹೆಸರೊಂದ ಇತ್ತು. ಅದನ್ನೂ ಕಸಗೊಂಡು ಏನ ಮಾಡ್ಲಿ?"

ಅವನು ತಲೆಯೆತ್ತಲಿಲ್ಲ. ಕುದಿಸಿ ಆರಿಸಿದ ಉಪ್ಪುನೀರಲ್ಲಿ ಗಾಯ ತೊಳೆದು, ಗೋಣಿತಾಟು ತೆಗೆದುಹಾಕಿ, ಹಳೆಯ ಮೆತ್ತನೆಯ ಧೋತರ ಹಾಸಿದ. ರುದ್ರವ್ವನಿಗೆ ಮಗನ ಆ ಕೈ ಹಿಡಿಯಬೇಕೆನ್ನಿಸಿತು. ಯಾವ ಮುಖ ಹೊತ್ತು ಹಿಡಿದಾಳು?

ಬೆಳಗಾಗುವ ಹೊತ್ತಿಗೆ ಮೊಲದ ಪಾದ ಬೆಚ್ಚಗಾಗಿತ್ತು. ಕಾಲೂರಿ ಬಂದು ಸೊಪ್ಪಿಗೆ ಬಾಯಿ ಹಾಕಿತು. ಒಂದೇ ದಿನದ ಕಟ್ಟಾದ್ದರಿಂದ ಕಾಲು ಉಳಿಯಿತು.

ನಲ್ಲಿಯ ಮುಂದೆ ಹೆಂಗಸರು ಸಾಲು ಹಚ್ಚಿದ್ದರು. ಹಿಂದೆ ಗೋಡೆಗೊರಗಿ ಪರಪ್ಪ ಹಲ್ಲುಜ್ಜುತ್ತಿದ್ದ. ಹೋಟೆಲಿನ ಅಡಿಗೆಯವನ ಹೆಂಡತಿ, ಉಡುಪಿಯ ಸೇವಂತಿ, ಅಳುವ ಮಗಳನ್ನು ಎತ್ತಿಕೊಂಡು, ಸಾಲಿನಲ್ಲಿ ಕೊಡ ಹಿಡಿದು ನಿಂತಿದ್ದ ರುದ್ರವ್ವನ ಹತ್ತಿರ ಬಂದಳು.

"ರುದ್ರಕ್ಕ, ಮೆಟ್ಟಿಲಲ್ಲಿ ಜಾರಿ ಬಿದ್ದಳು ಮಾರಾಯ್ರೆ. ಮೊಣಕೈ ಊದಿದೆ. ಒಂದು ಕಟ್ಟು ಹಾಕಿ ಕೊಡಿ."

"ನಾ ಕಟ್ಟೂದಿಲ್ಲ. ದವಾಖಾನಿಗೆ ಕರಕೊಂಡ ಹೋಗು, ಈಗ ಹೋಗು."

"ಯಾಕೆ ಅಕ್ಕ? ನಿಮ್ಮ ಮಗನ ಹಾಗೆ ಇವಳು ಬಿಚ್ಚಲಿಕ್ಕಿಲ್ಲ. ನಾನು ನೋಡಿಕೊಳ್ತೇನೆ."

ರುದ್ರವ್ವ ಕೊಡವನ್ನು ಕೆಳಗಿಟ್ಟಳು.

"ನನ್ನ ಮಗ ಬಿಚ್ಚಿರಲಿಲ್ಲ," ಎಂದಳು, ಸಾಲಿನ ಕೊನೆಯವರಿಗೂ ಕೇಳುವ ಹಾಗೆ. "ಬಿಚ್ಚವ್ವಾ, ಬಿಚ್ಚವ್ವಾ ಅಂತ ಮೂರ ರಾತ್ರಿ ಅತ್ತ. ನಾ ಬಿಚ್ಚಲಿಲ್ಲ."